ಹಮ್ದಿಯಾನ ಒಣ ಕೈ

ಒಲೆಗೆ ಇನ್ನೊಂದು ಕೊರಡು ಹಾಕಿ, ಆ ಬಾಗಿಲು ಸ್ವಲ್ಪ ಎಳ್ಕೊಳ್ಳಿ. ಇದು ನಮ್ಮ ದೊಡ್ಡಮ್ಮನ ಮಗ ಜೆವಾದನಿಗೆ ಆಗಿದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಅವತ್ತು ರಾತ್ರಿ ಅವನು ಗಡಗಡ ನಡುಗ್ತಾ ಬಂದು ಕೂತಿದ್ದು ಇದೇ ಬೆಂಚಿನ ಮೇಲೆ. ನಂಬೋಕಾಗದಿದ್ರೆ ಕಾಫಿ ಕುಡಿದು ಎದ್ದು ಹೋಗಿ, ನನಗೇನೂ ಬೇಜಾರಿಲ್ಲ.

ಹೋದ ವರ್ಷ, ಟ್ರೌಟ್ ಮೀನು ಹಿಡಿಯೋ ಕಾಲದ ಕೊನೆಯ ದಿನ. ಜೆವಾದ್ ಗೈಡು. ನಮ್ಮ ಅತಿಥಿಗೃಹಕ್ಕೆ ಬರೋ ಜನರನ್ನ ನದಿಗೆ ಕರ್ಕೊಂಡು ಹೋಗಿ, ಯಾವ ಮಡುವಿಗೆ ಗರಿ-ನೂಲಲ್ಲಿ ಕಟ್ಟಿದ ಯಾವ ನೊಣದ ಗಾಳ ಎಸೀಬೇಕು ಅಂತ ತೋರಿಸೋದು ಅವನ ಕೆಲಸ. ಹೊತ್ತು ಮುಳುಗೋವಾಗ ನೊಣ ಏಳುತ್ತೆ, ನೊಣದ ಹಿಂದೆ ಮೀನೂ ಏಳುತ್ತೆ, ಹಾಗಾಗಿ ಗೈಡುಗಳು ಮನೆಗೆ ಬರೋದು ಯಾವಾಗಲೂ ಕತ್ತಲಾದ ಮೇಲೇ. ಅವತ್ತೂ ಕೊನೆಯ ಅತಿಥಿಯನ್ನ ಆಚೆ ದಡದ ರಸ್ತೆಯಲ್ಲಿ ಕಾರು ಹತ್ತಿಸಿ, ಒಬ್ಬನೇ ವಾಪಸ್ ಹೊರಟ. ಸೇತುವೆ ಸುತ್ತಿ ಬಂದ್ರೆ ಮುಕ್ಕಾಲು ಗಂಟೆ. ಅಕ್ರೋಟು ಮರದ ಬುಗ್ಗೆ ಪಕ್ಕ ಇಳಿದು, ಮೊಣಕಾಲುದ್ದ ನೀರಲ್ಲಿ ನದಿ ದಾಟಿದ್ರೆ ಹತ್ತೇ ನಿಮಿಷ. ಸೋಮಾರಿ, ಹತ್ತು ನಿಮಿಷದ ದಾರಿಯನ್ನೇ ಹಿಡಿದ.

ಆ ಬುಗ್ಗೆ ನಿಮಗೆ ಗೊತ್ತಲ್ಲ. ಕಬ್ಬಿಣದ ಕೊಳವೆಯಿಂದ ನೀರು ಕಲ್ಲಿನ ತೊಟ್ಟಿಗೆ ಹಗಲು ರಾತ್ರಿ ಬೀಳ್ತಾನೇ ಇರುತ್ತೆ. ಗುಳು ಗುಳು ಗುಳು. ಜೆವಾದ್ ಮರದ ಕೆಳಗೆ ಬಂದ. ಇದ್ದಕ್ಕಿದ್ದ ಹಾಗೆ ಆ ಸದ್ದು... ನಿಂತಿತು. ಯಾರೋ ಕೊಳವೆಯ ಕೆಳಗೆ ಕೈ ಒಡ್ಡಿದ ಹಾಗೆ. ಮತ್ತೆ ಶುರುವಾಯ್ತು. ಮತ್ತೆ ನಿಂತಿತು. ಟಾರ್ಚ್ ಹಾಕಿದ. ತೊಟ್ಟಿ, ಪಾಚಿ, ಒಂದಿಷ್ಟು ಅಕ್ರೋಟು ಸಿಪ್ಪೆ. ಯಾರೂ ಇಲ್ಲ.

ಆಮೇಲೆ ದಾರಿಯಲ್ಲಿ, ಅವನ ಮುಂದೆ... ಟಕ್. ಟಕ್. ಟಕ್.

ಕಬ್ಬಿಣದ ಮೊನೆ ಇರೋ ಊರುಗೋಲು ಕಲ್ಲಿಗೆ ತಾಗೋ ಸದ್ದು. ನದಿ ದಾಟೋವಾಗ ಹಿಡಿಯೋ ಅಂಥ ಕೋಲು ನಮ್ಮೂರಲ್ಲಿ ಇದ್ದಿದ್ದು ಒಬ್ಬರ ಹತ್ತಿರ ಮಾತ್ರ. ಹಮ್ದಿಯಾ ಚಿಕ್ಕಪ್ಪನ ಹತ್ತಿರ. ಅವರು ಸತ್ತು ಏಳು ತಿಂಗಳಾಗಿತ್ತು.

ಕಿವಿಯ ಪಕ್ಕದಲ್ಲೇ, ಪಿಸುಮಾತಲ್ಲಿ ಕೇಳಿಸಿತಂತೆ.

"ಕೈ ಒದ್ದೆ ಮಾಡ್ಕೊಂಡ್ಯೇನೋ?"

ಇಲ್ಲಿ ಸ್ವಲ್ಪ ನಿಲ್ಲಿಸ್ತೀನಿ. ಹಿಂದಿಂದು ಹೇಳದೆ ಮುಂದಿಂದು ಅರ್ಥ ಆಗೋಲ್ಲ. ಹೇಳೋಕೆ ನನಗೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ಹಮ್ದಿಯಾ ಚಿಕ್ಕಪ್ಪ ನಮ್ಮ ನದಿಯ ಹಿರೀ ಗೈಡು. ಜೆವಾದನಿಗೆ ಗಾಳ ಎಸೆಯೋದು ಕಲಿಸಿದ್ದು, ಗಾಳಕ್ಕೆ ಗರಿಯ ನೊಣ ಕಟ್ಟೋದು ಕಲಿಸಿದ್ದು ಅವರೇ. ನಮ್ಮಲ್ಲಿ ಹಿಡಿದ ಮೀನನ್ನ ತಿನ್ನೋಲ್ಲ, ಮತ್ತೆ ನದಿಗೇ ಬಿಡ್ತೀವಿ. ಅವರ ಒಂದೇ ಹಟ. ಮೀನು ಮುಟ್ಟೋ ಮೊದಲು ಕೈ ಒದ್ದೆ ಮಾಡ್ಕೊಳ್ಳಬೇಕು. ಒಣ ಕೈ ತಾಗಿದ್ರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ನದಿಗೆ ಬಿಟ್ಟಾಗ ಬಾಲ ಬೀಸ್ಕೊಂಡು ಹೋಗುತ್ತೆ, ನಾವು ಖುಷಿಯಾಗಿ ಮನೆಗೆ ಬರ್ತೀವಿ. ವಾರ ಕಳೆದ ಮೇಲೆ ಬೆರಳು ತಾಗಿದ ಕಡೆಯೆಲ್ಲ ಬಿಳೀ ಬೂಜು ಹಿಡಿದು ಸಾಯುತ್ತೆ. ನೀರಿಗಿಳಿಯೋ ಪ್ರತಿಯೊಬ್ಬರನ್ನೂ, ಮಂತ್ರಿ ಬಂದ್ರೂ ಸರಿ, ಅವರು ಕೇಳೋ ಮೊದಲ ಮಾತು ಅದೇ. ಕೈ ಒದ್ದೆ ಮಾಡ್ಕೊಂಡ್ಯೇನೋ?

ಹಳೇ ಗಿರಣಿಯ ಮಡುವಿನಲ್ಲಿ ಒಂದು ದೊಡ್ಡ ಟ್ರೌಟ್ ಇತ್ತು. ಬೆನ್ನಿನ ರೆಕ್ಕೆ ಹರಿದಿತ್ತು. ಗಿರಣಿ ಅಜ್ಜಿ ಅಂತಿದ್ವಿ. ಸಿಕ್ಕಿದ್ರೂ ಅದನ್ನ ಯಾರೂ ನೀರಿಂದ ಎತ್ತುತ್ತಿರಲಿಲ್ಲ. ನೀರೊಳಗೇ ಗಾಳ ಬಿಡಿಸಿ, ಕ್ಷೇಮ ವಿಚಾರಿಸಿ ಕಳಿಸ್ತಿದ್ರು. ಆಚೆ ವರ್ಷ ಸೆಪ್ಟೆಂಬರಿನಲ್ಲಿ ವಿಯೆನ್ನಾದ ಒಬ್ಬ ಹಲ್ಲಿನ ಡಾಕ್ಟರಿಗೆ ಜೆವಾದ್ ಅದನ್ನ ಹಿಡಿಸಿಕೊಟ್ಟ. ಡಾಕ್ಟರಿಗೆ ಫೋಟೋ ಬೇಕು. ಇನ್ನೊಂದು ಬೇಕು. ಬಿಸಿಲಿನ ಕಡೆ ತಿರುಗಿಸಿ ಮತ್ತೊಂದು ಬೇಕು. ಜೆವಾದನೇ ಎತ್ತಿ ಹಿಡಿದುಕೊಂಡ. ರಾತ್ರಿ ಊಟದ ಮೇಜಿನಲ್ಲಿ ಡಾಕ್ಟರು ನನಗೆ ಫೋಟೋ ತೋರಿಸಿದ್ರು. ಜೆವಾದನ ಕೈ ಒಣಗಿತ್ತು. ಮಣಿಕಟ್ಟಿನ ಮೇಲೆ ಧೂಳು ಕೂಡ ಹಾಗೇ ಇತ್ತು. ನಾನು ನೋಡಿದೆ. "ಚೆನ್ನಾಗಿ ಬಂದಿದೆ" ಅಂದೆ, ಹೂರಣ ತುಂಬಿದ ಪಿತಾ ರೊಟ್ಟಿ ಬಡಿಸಿದೆ.

ಒಂಬತ್ತು ದಿನಕ್ಕೆ ಅಜ್ಜಿ ಗಿರಣಿಯ ಕಂಬಿಗೆ ಸಿಕ್ಕಿಕೊಂಡು ತೇಲ್ತಿತ್ತು. ಮೈಮೇಲೆ ಒಂದು ಬಿಳೀ ಕೈ. ಬಲಗೈ. ಹೆಬ್ಬೆರಳು, ನಾಲ್ಕು ಬೆರಳು, ಒಟ್ಟು ಐದು.

ಮೀನುಗಾರರ ಸಂಘದೋರು ನಮ್ಮದೇ ಅಡುಗೆಮನೆಯಲ್ಲಿ ಸೇರಿದ್ರು. ಈ ಮೇಜಿನ ಮೇಲೇ, ಹಳೇ ಪೇಪರ್ ಹಾಸಿ ಅದನ್ನ ಮಲಗಿಸಿದ್ರು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

"ಯಾರದ್ರಪ್ಪ ಈ ಕೈ?" ಅಂದ್ರು ಅಧ್ಯಕ್ಷರು.

ಜೆವಾದ್ ತಲೆ ಎತ್ತಲಿಲ್ಲ. "ಹಮ್ದಿಯಾ ಚಿಕ್ಕಪ್ಪನಿಗೆ ಈಚೆಗೆ ಕಣ್ಣು ಮಂಜು... ಹೋದ ವಾರ ಗಿರಣಿ ಹತ್ರ ನೋಡ್ದೆ. ಕೈ ಒದ್ದೆ ಮಾಡ್ಕೊಳ್ಳೋದು ಮರೆತಿರಬೇಕು ಪಾಪ."

ಪಾಪ ಅಂದ.

ಚಿಕ್ಕಪ್ಪ ಎದ್ದು ಬಂದು ತಮ್ಮ ಬಲಗೈಯನ್ನ ಮೀನಿನ ಪಕ್ಕ ಇಟ್ಟರು. ಅಷ್ಟೇ. ಮರ ಕೊಯ್ಯೋ ಯಂತ್ರಕ್ಕೆ ಅವರ ನಡುಬೆರಳು ಹೋಗಿ ಮೂವತ್ತು ವರ್ಷವಾಗಿತ್ತು. ಬುಡಸಮೇತ ಹೋಗಿತ್ತು. ಊರಿಗೇ ಗೊತ್ತು. ಮೀನಿನ ಮೇಲೆ ಐದು, ಮೇಜಿನ ಮೇಲೆ ನಾಲ್ಕು. ಎಣಿಸೋಕೆ ಶಾಲೆಗೆ ಹೋಗಬೇಕಾಗಿರಲಿಲ್ಲ.

ಯಾರೂ ಎಣಿಸಲಿಲ್ಲ. ಜೆವಾದನ ಹೆಸರು ಕೇಳ್ಕೊಂಡೇ ತಾನೇ ಅತಿಥಿಗಳು ಬರ್ತಿದ್ದಿದ್ದು? ಅಧ್ಯಕ್ಷರ ಬೇಕರಿಗೆ ಅವರು ಬೇಕು, ನನ್ನ ಕೋಣೆಗಳಿಗೆ ಅವರು ಬೇಕು. ಗೋಡೆ ಗಡಿಯಾರ ಟಿಕ್ ಟಿಕ್ ಅಂತಿತ್ತು. ಚಿಕ್ಕಪ್ಪ ಒಂದು ಸಲ ಎಲ್ಲರ ಮುಖ ನೋಡಿದ್ರು. ಕೊನೆಗೆ ನನ್ನ ಮುಖ. ನಾನು ಕಾಫಿ ಬಗ್ಗಿಸೋಕೆ ಶುರುಮಾಡಿದೆ.

"ಕೊಳೆತ ಮೀನಿನ ಮೇಲೆ ಎಂಥಾ ಗುರುತು ಹುಡುಕ್ತೀರ, ಬಿಡ್ರಪ್ಪ" ಅಂತ ಅಧ್ಯಕ್ಷರು ಪೇಪರ್ ಮಡಚಿದ್ರು. ಚಿಕ್ಕಪ್ಪ ಎದೆಯ ಮೇಲಿದ್ದ ಗೈಡಿನ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟರು. ಟಿಣ್ ಅಂತು. ಆಮೇಲೆ ಅವರು ನದಿಯ ಕಡೆ ಬರಲೇ ಇಲ್ಲ. ಹಿಮ ಕರಗೋ ಮೊದಲೇ ಹೋಗಿಬಿಟ್ಟರು.

ಈಗ ಗೊತ್ತಾಯ್ತಲ್ಲ, ಆ ಪಿಸುಮಾತಿಗೆ ಜೆವಾದ್ ಯಾಕೆ ಓಡಿದ ಅಂತ.

ಓಡಿ ಸೀದಾ ನದಿಗೆ ಇಳಿದ. ಬೆಟ್ಟದ ಮೇಲೆ ಮಳೆ ಬಿದ್ದಿತ್ತು, ನೀರು ಏರಿದ್ದನ್ನ ನೋಡಲಿಲ್ಲ. ನಡುನೀರಲ್ಲಿ ಕಾಲ ಕೆಳಗಿನ ಕಲ್ಲು ಗಡಗಡ ಉರುಳಿತು. ಬಿದ್ದ. ಎದೆವರೆಗೆ ಬರೋ ರಬ್ಬರ್ ಉಡುಪಿನೊಳಗೆ ನೀರು ಬುಳಬುಳ ತುಂಬಿತು. ಅದು ತುಂಬಿದ್ರೆ ಮೇಲೇಳೋದು ಆಗದ ಮಾತು. ಒಂದು ಸಲ ಮುಳುಗಿದ. ಎರಡನೇ ಸಲ ಮುಳುಗಿದ...

ಬಲಗೈ ಮಣಿಕಟ್ಟನ್ನ ಯಾರೋ ಹಿಡಿದ್ರು.

ಗಟ್ಟಿಯಾಗಿ ಹಿಡಿದು, ಪ್ರವಾಹಕ್ಕೆ ಓರೆಯಾಗಿ, ಗೈಡುಗಳು ಎಳೆಯೋ ಹಾಗೆ ಎಳೆದ್ರು. ಜಲ್ಲಿಕಲ್ಲಿನ ಮೇಲೆ ಹಾಕಿದ್ರು. ಬಿಟ್ಟರು. ಜೆವಾದ್ ಕೆಮ್ಮಿ ಕೆಮ್ಮಿ ನೀರು ಕಾರಿ ತಲೆ ಎತ್ತೋ ಹೊತ್ತಿಗೆ... ಟಕ್. ಟಕ್. ನದಿಯ ಆಚೆ ದಡದಲ್ಲಿ. ಆಮೇಲೆ ಅದೂ ಇಲ್ಲ.

ಪಚಕ್ ಪಚಕ್ ಅಂತ ಹೆಜ್ಜೆ ಹಾಕ್ಕೊಂಡು ಬಂದು ಈ ಬಾಗಿಲು ತಳ್ಳಿದ.

"ಅಕ್ಕಾ... ಹಮ್ದಿಯಾ ಚಿಕ್ಕಪ್ಪ."

"ಬಾಯಿ ಮುಚ್ಚೋ. ಹೊತ್ತಲ್ಲದ ಹೊತ್ತಲ್ಲಿ ಸತ್ತೋರ ಹೆಸರು ಎತ್ತಬೇಡ."

"ಕೈ ಹಿಡಿದ್ರು ಅಕ್ಕಾ. ನಡುನೀರಲ್ಲಿ. ಆ ಕೈ... ಒಣಗಿತ್ತು. ಒಲೆ ಪಕ್ಕ ಇಟ್ಟ ಕಟ್ಟಿಗೆ ಥರ ಒಣಗಿತ್ತು."

ನಾನು ಅವನ ಮೇಲೆ ಕಂಬಳಿ ಹೊದಿಸಿದೆ. ಹಲ್ಲು ಕಟಕಟ ಅಂತಿತ್ತು, ಆದ್ರೆ ಅವನು ಅಳ್ತಿದ್ದಿದ್ದು ಹೆದರಿಕೆಗಲ್ಲ.

"ಮುಳುಗಿಸಬಹುದಿತ್ತಲ್ಲ ಅಕ್ಕಾ," ಅಂದ. "ನಾನು ಮಾಡಿದ್ದಕ್ಕೆ ಮುಳುಗಿಸಬಹುದಿತ್ತು. ಯಾಕೆ ಮುಳುಗಿಸ್ಲಿಲ್ಲ?"

ನನಗೆ ಅವನ ಮುಖ ನೋಡೋಕೆ ಆಗಲಿಲ್ಲ. ಅವನು ಸುಳ್ಳು ಹೇಳಿದ್ದ, ನಾನು ಅದನ್ನ ಕಾಫಿ ಜೊತೆ ನುಂಗಿದ್ದೆ.

ಬೆಳಗ್ಗೆ ನೋಡಿದ್ರೆ ಮಣಿಕಟ್ಟಿನ ಸುತ್ತ ಬಿಳೀ ಗುರುತು. ಇಬ್ಬರೂ ಶೆಚಿರಾ ಚಿಕ್ಕಮ್ಮನ ಮನೆಗೆ ಹೋದ್ವಿ. ಹಮ್ದಿಯಾ ಚಿಕ್ಕಪ್ಪನ ಹೆಂಡತಿ. ಜೆವಾದ್ ಹೊಸಿಲ ಹತ್ತಿರವೇ ನಿಂತು ಎಲ್ಲಾ ಹೇಳಿದ. ಆಯಮ್ಮ ಅವನ ಕೈ ಎಳ್ಕೊಂಡು ಆ ಗುರುತಿನ ಮೇಲೆ ತನ್ನ ಬೆರಳಿಟ್ಟು ನೋಡಿದ್ಲು. ಹೆಬ್ಬೆರಳು. ತೋರುಬೆರಳು. ಆಮೇಲೆ ಒಂದು ಖಾಲಿ ಜಾಗ... ಆಮೇಲೆ ಎರಡು.

"ನಮ್ಮನೆಯೋರೇ," ಅಂದ್ಲು. ಅವನ ಕೈ ಬಿಟ್ಟು, "ನನಗ್ಯಾಕೋ ಹೇಳ್ತೀಯ? ನನಗೆ ಗೊತ್ತಿಲ್ವಾ ಅವರ ಕೈ? ಆ ಮೀನು ಮಲಗಿಸಿದ್ರಲ್ಲ, ಆ ಮೇಜಿನ ಮುಂದೆ ಹೇಳು ಹೋಗು."

ಹೇಳಿದ. ಸಂಘದೋರನ್ನೆಲ್ಲ ಮತ್ತೆ ಇಲ್ಲಿಗೇ ಕರೆದು, ಅಂಗಿ ತೋಳು ಮಡಚಿ, ಕೈಯನ್ನ ಮೇಜಿನ ಮೇಲಿಟ್ಟು ಹೇಳಿದ. ಅಧ್ಯಕ್ಷರು ಡ್ರಾಯರಿನಲ್ಲಿ ಬಿದ್ದಿದ್ದ ಬಿಲ್ಲೆ ಒರೆಸಿ ತಂದು ಚಿಕ್ಕಮ್ಮನಿಗೆ ಕೊಡೋಕೆ ಹೋದ್ರು. "ನನಗೆ ಬೇಡ. ಇಲ್ಲೇ ನೇತುಹಾಕಿ, ಕಾಫಿ ಕುಡಿಯೋವಾಗೆಲ್ಲ ನಿಮಗೆ ಕಾಣಲಿ," ಅಂದ್ಲು. ಅದೇ ನೋಡಿ, ಗಡಿಯಾರದ ಪಕ್ಕ. ಅತಿಥಿಗಳು ಅದೇನು ಅಂತ ಕೇಳ್ತಾರೆ. ಹೇಳ್ತೀನಿ. ಹೇಳಿದಾಗೆಲ್ಲ ಕಿವಿ ಬಿಸಿಯಾಗುತ್ತೆ.

ಜೆವಾದ್ ಈಗಲೂ ಗೈಡೇ. ಈ ಬೇಸಿಗೆಯೆಲ್ಲ ಬಿಸಿಲಲ್ಲಿ ಇದ್ದ, ತೋಳು ಕಾಫಿ ಬಣ್ಣಕ್ಕೆ ಬಂದಿದೆ. ಆ ಗುರುತು ಮಾತ್ರ ಬಿಳೀನೇ. ಮೊನ್ನೆ ಒಂದು ಸಂಜೆ ಬಂದು, "ಅಕ್ಕಾ, ಒಂದು ನೋಡು ಬಾ" ಅಂತ ಪಾತ್ರೆ ತೊಳೆಯೋ ತೊಟ್ಟಿಯ ಮೇಲೆ ಕೈ ಚಾಚಿದ. ಹೂಜಿಯಿಂದ ನೀರು ಸುರಿದವಳು ನಾನೇ. ಬೇರೆ ಯಾರೂ ಅಲ್ಲ. ಇಡೀ ಕೈ ಒದ್ದೆಯಾಯ್ತು, ತೋಳಿನ ಕೂದಲೆಲ್ಲ ಅಂಟಿಕೊಂಡಿತು. ಬೆರಳಿನ ಗುರುತು ಮಾತ್ರ ಒಣಗೇ ಇತ್ತು. ಮತ್ತೆ ಸುರಿದೆ. ಒಣಗೇ ಇತ್ತು.

ಎಣಿಸಿದೆ. ಈ ಸಲ ಬಾಯಿ ಬಿಟ್ಟು, ಜೋರಾಗಿ ಎಣಿಸಿದೆ... ನಾಲ್ಕು.