ಒಂದು ಗಣ, ಇಬ್ಬರು ಹಂಪಮ್ಮ

ಅಧ್ಯಕ್ಷ ಸ್ಥಾನದಲ್ಲಿರುವ ಚನ್ನಬಸಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಕಾಚಿಗೂಡದ ಈ ಸೆಕೆಯಲ್ಲೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ,

ಈ ಸನ್ಮಾನ ಬೇಡವೆಂದೇ ನಾನು ಹೇಳಿದ್ದೆ. ನಿವೃತ್ತಿ ಸಾಧನೆಯಲ್ಲ, ವಯಸ್ಸಾದರೆ ತಾನಾಗಿ ಆಗುತ್ತದೆ. ಆದರೆ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆಸುತ್ತೇವೆ, ಕಟ್ಟಡ ಕೆಲಸದವರ ಗುಡಿಸಲುಗಳಿಗೂ ಹೇಳಿ ಕಳಿಸುತ್ತೇವೆ ಎಂದು ನಮ್ಮ ಕನ್ನಡ ಸಂಘದವರು ಅಂದ ಮೇಲೆ ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ? ಇಬ್ಬರು ಹುಡುಗಿಯರನ್ನು ಹುಡುಕುತ್ತಿದ್ದೇನೆ, ಅದಕ್ಕೆ.

ಮಾನಪತ್ರದಲ್ಲಿ 'ಗಣಿತವನ್ನು ಸುಲಿದ ಬಾಳೆಹಣ್ಣಿನಂತೆ ಕಲಿಸಿದವರು' ಎಂದು ಬರೆದಿದ್ದಾರೆ. ಬರೆದವರು ನನ್ನ ತರಗತಿಯಲ್ಲಿ ಕುಳಿತವರಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳು ಏಳುತ್ತಿದ್ದವು. ರಾಯಚೂರು, ಕೊಪ್ಪಳದ ಕಡೆಯಿಂದ ಬಂದ ಕೆಲಸಗಾರರ ಮಕ್ಕಳಿಗಾಗಿ ನಮ್ಮ ಸಂಘ ಅಲ್ಲೊಂದು ತಗಡಿನ ಶೆಡ್ಡಿನಲ್ಲಿ ಕನ್ನಡ ಶಾಲೆ ನಡೆಸುತ್ತಿತ್ತು. ನಾನು ಸನತ್‌ನಗರದಿಂದ ಬಸ್ಸಿನಲ್ಲಿ ಹೋಗಿ ಏಳನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಆ ತರಗತಿಯಲ್ಲಿ ಹಂಪಮ್ಮ ಎಂಬ ಹೆಸರಿನವರು ಇಬ್ಬರಿದ್ದರು. ಒಂದೇ ಊರು, ಒಂದೇ ಹರಕೆ, ಒಂದೇ ಹೆಸರು.

ಗಣಗಳ, ಇಂಗ್ಲಿಷಿನಲ್ಲಿ ಸೆಟ್ ಅನ್ನುತ್ತಾರಲ್ಲ ಅದರ, ಪಾಠ ಶುರುವಾದ ದಿನ, 'ನಮ್ಮ ತರಗತಿಯ ಹೆಸರುಗಳ ಗಣ ಬರೆಯೋಣ' ಎಂದೆ. ಮಕ್ಕಳು ಕೂಗಿದರು, ನಾನು ಬರೆದೆ. ಎರಡನೆಯ ಹಂಪಮ್ಮ ಬಂದಾಗ ಅದನ್ನೂ ಬರೆದು, ಡಸ್ಟರಿನಿಂದ ಒರೆಸಿದೆ. 'ಗಣದಲ್ಲಿ ಒಮ್ಮೆ ಬರೆದದ್ದನ್ನು ಮತ್ತೊಮ್ಮೆ ಬರೆಯುವುದಿಲ್ಲ' ಎಂದೆ. ಪುಸ್ತಕದಲ್ಲಿ ಹಾಗೇ ಇದೆ. ಉದಾಹರಣೆ ತಾನಾಗಿ ಕೈಗೆ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ. ಎಲ್ಲರೂ ನಕ್ಕರು, ಆ ಇಬ್ಬರನ್ನು ಬಿಟ್ಟು.

ಹೆಸರು ಒರೆಸುವುದು ನನಗೇನೂ ದೊಡ್ಡದೆನಿಸಲಿಲ್ಲ. ನನ್ನ ಯಜಮಾನರಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸಿನಲ್ಲಿ ನಾನು ಮೊದಲ ದಿನದಿಂದಲೂ 'ಗೋಪಿನಾಥರ ಮನೆಯವರು'. ತಾಯಿ ತೀರಿಕೊಂಡ ಮೇಲೆ ಕಮಲಾಕ್ಷಿ ಎಂದು ಕೂಗಿದವರು ಯಾರೂ ಇಲ್ಲ. ಇದನ್ನು ಯಾಕೆ ಹೇಳಿದೆನೋ, ಇರಲಿ.

ಮರುದಿನ ಒಬ್ಬ ಹಂಪಮ್ಮ ಮಾತ್ರ ಬಂದಳು. ಅದರ ಮರುದಿನ ಇನ್ನೊಬ್ಬಳು. ಗಮನಿಸಲಿಲ್ಲವೇ ಎಂದು ನೀವು ಕೇಳಬಹುದು. ಗೈರುಹಾಜರಿ ಆ ಶೆಡ್ಡಿಗೆ ಹೊಸದಾಗಿರಲಿಲ್ಲ. ಒಂದು ದಿನ ಗಣಗಳ ಛೇದನವೆಂದರೇನು ಎಂದು ಕೇಳಿದೆ. ಅವತ್ತು ಬಂದಿದ್ದ ಹಂಪಮ್ಮ ಎದ್ದು ನಿಂತು, ಒಂದಿಷ್ಟೂ ಅಂಜದೆ ಹೇಳಿದಳು: "ಸಂಯೋಗ ಕೇಳ್ರಿ, ಹೇಳ್ತೀನಿ. ಛೇದನ ಆಕಿ ಪಾಳ್ಯಾಗ ಆಗೇತ್ರಿ ಅಕ್ಕೋರ."

ಅವತ್ತೇ ಸಂಜೆ ಆ ಹುಡುಗಿಯ ಗುಡಿಸಲಿಗೆ ಹೋದೆ. ತಾಯಿ ಗದಿಗೆಮ್ಮ ಕೈಗೆ ಮೆತ್ತಿದ ಸಿಮೆಂಟು ತೊಳೆಯುತ್ತಿದ್ದಳು. "ಒಂದ ಹೆಸರಿಗೆ ಒಂದ ಜಾಗ ಅಂತ ನೀವ ಹೇಳೀರಂತಲ್ರಿ? ನಮಗೂ ಚಲೋ ಆತು. ಒಬ್ಬಾಕಿ ಸಾಲಿಗೆ ಹೋಗ್ತಾಳ, ಒಬ್ಬಾಕಿ ಎರಡೂ ಮನಿ ಕೂಸು ನೋಡ್ಕೋತಾಳ."

ನಾಳೆಯಿಂದ ಇಬ್ಬರೂ ಬರಲಿ ಎಂದೆ.

"ಕೂಸು ಯಾರು ನೋಡಬೇಕ್ರಿ? ನೀವ ನೋಡ್ತೀರೇನು?"

ಅದು ಕುಟುಕುವುದಕ್ಕೆ ಕೇಳಿದ ಪ್ರಶ್ನೆ. ನಾನು ಹೂಂ ಅಂದುಬಿಟ್ಟೆ.

ಹೀಗೆ ಕೂಸುಗಳೂ ಏಳನೆಯ ತರಗತಿಗೆ ಬಂದವು. ಕಿಟಕಿಯ ಸರಳಿಗೆ ಸೀರೆ ಕಟ್ಟಿ ಜೋಳಿಗೆ ಮಾಡಿದೆವು. ಒಂದು ಕೈಯಲ್ಲಿ ಜೋಳಿಗೆ ತೂಗುತ್ತ ಇನ್ನೊಂದು ಕೈಯಲ್ಲಿ ಛೇದನ ಕಲಿಸಿದೆ. ಅಧ್ಯಕ್ಷರೇ, ತಾವು ತಪಾಸಣೆಗೆ ಬಂದು, 'ಇದೇನು ಶಾಲೆಯೋ, ಬಾಣಂತಿಯ ಕೋಣೆಯೋ' ಎಂದಿರಿ. ಆದರೂ ಜೋಳಿಗೆ ಬಿಚ್ಚಿಸಲಿಲ್ಲ. ಆ ಉಪಕಾರವನ್ನು ಮರೆತಿಲ್ಲ.

ಪಾಠವನ್ನೂ ಮೊದಲಿಂದ ಮಾಡಿದೆ. ನೆಲದ ಮೇಲೆ ಸುಣ್ಣದ ವೃತ್ತ ಎಳೆದು, ಹೆಸರುಗಳ ಬದಲು ಮಕ್ಕಳನ್ನೇ ಒಳಗೆ ನಿಲ್ಲಿಸಿದೆ. ಹೆಸರುಗಳ ಗಣದಲ್ಲಿ ಹಂಪಮ್ಮ ಒಂದೇ. ಮಕ್ಕಳ ಗಣದಲ್ಲಿ ಇಬ್ಬರು ಎಂದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನಾನು ಮತ್ತೆ ಒಬ್ಬಳನ್ನು ಹೊರಗೆ ಕಳಿಸಿಯೇನೆಂದು ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು ನಿಂತಿದ್ದರು.

ಯುಗಾದಿಗೆ ಮುಂಚೆ, ಆ ಇಬ್ಬರ ಮನೆಯವರು ದುಡಿಯುತ್ತಿದ್ದ ಕಟ್ಟಡಕ್ಕೆ ಗಾಜು ಕೂಡಿಸಿದರು. ಗಾಜು ಬಂತೆಂದರೆ ನಮ್ಮವರ ಕೆಲಸ ಮುಗಿದಂತೆ. ಒಂದು ಬೆಳಿಗ್ಗೆ ಅವರ ಸಾಲಿನ ಗುಡಿಸಲುಗಳು ಖಾಲಿಯಾಗಿದ್ದವು. ಪುಣೆಗೆ ಹೋದರೆಂದು ಒಬ್ಬರು, ಇಲ್ಲೇ ಗಚ್ಚಿಬೌಲಿಗೆಂದು ಇನ್ನೊಬ್ಬರು. ಶಾಲೆಯ ವರ್ಷ ಮುಗಿಯುವವರೆಗೂ, ಉಳಿದ ಮಕ್ಕಳ ಹಾಜರಿ ಕರೆಯುವಾಗ ಆ ಹೆಸರನ್ನು ಎರಡು ಸಲ ಕೂಗಿದೆ. ನನ್ನ ಭಯ ಒಂದೇ: ಹೊಸ ಜಾಗದಲ್ಲಿ ಕೂಸು ನೋಡುವುದಕ್ಕೆ ಒಬ್ಬಳು ಉಳಿದುಬಿಟ್ಟಳೇ? ಇಬ್ಬರೂ ಓದಿದರೇ?

ಈಗ ಅವರಿಗೆ ಇಪ್ಪತ್ತಾಗಿರಬೇಕು. ಎದುರಿಗೆ ಬಂದರೂ ನನಗೆ ಗುರುತು ಸಿಗಲಿಕ್ಕಿಲ್ಲ. ಹಿಂದಿನ ಸಾಲುಗಳಲ್ಲಿ ಬೆಳಕೂ ಸಾಲದು. ಈ ಸಭೆಯಲ್ಲಿ ಹಂಪಮ್ಮ ಇದ್ದರೆ ದಯವಿಟ್ಟು ಕೈ ಎತ್ತಬೇಕು. ಒಬ್ಬಳು ಎತ್ತಿದಳೆಂದು ಇನ್ನೊಬ್ಬಳು ಸುಮ್ಮನೆ ಕೂರಬಾರದು. ಇಬ್ಬರಿದ್ದರೆ ಇಬ್ಬರೂ ಎತ್ತಿ.

ಶಾಲು ಹೊದಿಸಿದವರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆ ವಂದನೆಗಳು. ನಾನು ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.