ಮೂರು ಗುಂಡಿ, ಮೂರು ತೆಂಗು

ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಶ್ರೀರಾಂಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕುಳಿತಿದ್ದರು.

“ಬರಗೇರಮ್ಮ, ನಾಳೆ ಇಂಜಿನಿಯರ್ ಬರ್ತಾರೆ. ಮಣ್ಣು ಗಟ್ಟಿ ಐತೋ ಇಲ್ವೋ ಅಂತ ಗುಂಡಿಗಿಳಿದು ನೋಡ್ತಾರಂತೆ. ಆಮೇಲೆ ಮನೆ ಕಟ್ಟೋ ಮೇಸ್ತ್ರಿ ಹುಡುಕಾಣ.”

“ಯಾವ ಗುಂಡಿರೀ?”

“ಮೊನ್ನೆ ಸೈಟಲ್ಲಿ ಮೂರು ತೋಡಿಸಿದ್ನಲ್ಲ!”

“ಅಯ್ಯೋ, ಅವು ತೆಂಗಿಗಲ್ವಾ? ನಮ್ಮಪ್ಪ ಕೊಟ್ಟಿದ್ದ ಸಸಿ ಇಟ್ಟು, ಗೊಬ್ಬರ ಹಾಕಿ ಮುಚ್ಚಿದೀನಿ.”

“ಮೂರಕ್ಕೂ?”

“ತೋಡಿದ ಗುಂಡಿ ಯಾರಾದ್ರೂ ಖಾಲಿ ಬಿಡ್ತಾರಾ?”

ಗಂಡನಿಗೆ ನಗು ತಡೆಯಲಾಗಲಿಲ್ಲ. “ಲೇ, ಒಂದು ನಡುಮನೆ, ಒಂದು ಅಡಿಗೆಮನೆ, ಇನ್ನೊಂದು ದೇವರಮನೆ ಕಣೇ!”

ಅವರು ಕಾಯುತ್ತಿದ್ದ ಬಿ.ದುರ್ಗದ ಬಸ್ಸು ಬಂತು. ಆಕೆಯೂ ಬಿದ್ದು ಬಿದ್ದು ನಗುತ್ತಾ ಮೆಟ್ಟಿಲು ಹತ್ತಿದಳು.

“ದೇವರಮನೇದೊಂದು ಕೀಳಬ್ಯಾಡ್ರಿ. ಪೂಜೆಗೆ ಕಾಯಿ ಅಲ್ಲೇ ಸಿಗ್ತೈತೆ!”