ಹುರುಳಿಯ ಬೇರಿನ ಗಂಟು

ಅಧ್ಯಕ್ಷರಾದ ಚಿಕ್ಕಬಸಪ್ಪನವರೇ, ಗ್ರಾಮಸೇವಕರಾದ ಗೋವಿಂದಯ್ಯನವರೇ, ರಾವಂದೂರಿನ ಮಹನೀಯರೇ, ತಾಯಂದಿರೇ, ಸಭಿಕರೇ,

ರಾಗಿ ಬೆಳೆಯ ಪೈಪೋಟಿಯಲ್ಲಿ ಹೋಬಳಿಗೇ ಮೊದಲು ಬಂದ ಪುಟ್ಟಮಲ್ಲಮ್ಮನಿಗೆ ಇಂದು ಸನ್ಮಾನ. ಆಕೆ ತೀರಿಕೊಂಡ ನನ್ನ ತಮ್ಮನ ಹೆಂಡತಿ. ಮನೆಯ ಹಿರಿಯನೆಂದು ನನ್ನನ್ನು ಎರಡು ಮಾತಾಡಲು ಕರೆದಿದ್ದೀರಿ. ಆಡುತ್ತೇನೆ. ಸಿಹಿಯಾಗಿ ಆಡುತ್ತೇನೆಂದು ಮಾತ್ರ ಕಾಯಬೇಡಿ. ನನಗೆ ಕೋಪ ಬಂದಿದೆ.

ಆ ಹೊಲ ಯಾರದು? ಖಾತೆ ಇಂದಿಗೂ ಈ ಸಿದ್ದಮಲ್ಲಪ್ಪನ, ಅಂದರೆ ನನ್ನ, ಹೆಸರಿನಲ್ಲಿದೆ. ಹೊಗೆಸೊಪ್ಪು ಬೆಳೆದು ಬೆಳೆದು ಸತ್ತಿದ್ದ ನೆಲ, ಗರಿಕೆಯೂ ಹುಟ್ಟುತ್ತಿರಲಿಲ್ಲ. ತಮ್ಮ ಹೋದ ಮೇಲೆ ಉತ್ತುಕೊಂಡು ತಿನ್ನಲಿ ಎಂದು ಬಿಟ್ಟೆ. ಒಳ್ಳೆಯ ಹೊಲ ಕೊಡಬೇಕಿತ್ತು ಎನ್ನುವವರು ಯಾರಾದರೂ ಇದ್ದರೆ, ನಿಮ್ಮ ಮನೆಯಲ್ಲಿ ಕೊಟ್ಟಿದ್ದೀರಾ? ಎದ್ದು ನಿಲ್ಲಿ! ಯಾರೂ ಏಳಲಿಲ್ಲ. ಸಂತೋಷ.

ಹೋದ ವರ್ಷ ಆಕೆ ಹುರುಳಿ ಚೆಲ್ಲಿದಳು. ಬದುವಿನಲ್ಲಿ ಹೋಗುತ್ತ ಒಂದು ಗಿಡ ಕಿತ್ತು ನೋಡಿದೆ. ಬೇರಿನ ತುಂಬ ಗಂಟು! ಹೊಗೆಸೊಪ್ಪಿನವರಿಗೆ ಬೇರುಗಂಟಿನ ರೋಗದ ಭಯವನ್ನು ನಾನು ಹೇಳಬೇಕೇ? ಪಕ್ಕದಲ್ಲೇ ನನ್ನ ಹೊಗೆಸೊಪ್ಪಿನ ಹೊಲ. ಆಳುಗಳಾದ ಮಾದನನ್ನೂ ಜವರಿಯನ್ನೂ ಕರೆಸಿ, "ಎಲ್ಲಾನೂ ಕಿತ್ತು ಸುಟ್ಬುಡ್ರೋ" ಎಂದೆ. ಮೋಡ ಮುಸುಕಿತ್ತು, ಕೀಳುತ್ತ ಕೂತರೆ ಮುಗಿಯದೆಂದು ಕುಡುಗೋಲಿನಲ್ಲಿ ಕೊಯ್ದರು. ಬೆಂಕಿ ಇಡುವಷ್ಟರಲ್ಲಿ ಮಳೆ ಹಿಡಿಯಿತು. ಕೊಯ್ದ ಸೊಪ್ಪೆಲ್ಲ ಅಲ್ಲೇ ಕೊಳೆಯಿತು.

ಭಾವನ ಎದುರು ಎಂದೂ ಬಾಯಿ ತೆರೆಯದವಳು ಅಂದು ಬದುವಿನ ಮೇಲೆ ನಿಂತು ಕೇಳಿದಳು: "ನನ್ ಬೆಳೆ ಕುಯ್ಸ್‌ಬುಟ್ರಿ ಬಾವ. ಈ ಒಲನಾದ್ರೂ ನಂದು ಅಂತ ಒಂದ್ ಮಾತು ಅನ್ಬುಡಿ. ನಾಳೆ ನನ್ ಮಗ್ಳ ಕಟ್ಕಂಡು ಎಲ್ಲಿಗೋಗ್ಲಿ?"

ನನಗೆ ನಗು ಬಂತು. "ಆಗ್ಲಿ ಕಣಮ್ಮ. ಬರೋ ವರ್ಸ ಇದ್ರಲ್ಲಿ ನನ್ ರಾಗಿ ಒಲಕ್ಕಿಂತ ಜಾಸ್ತಿ ರಾಗಿ ಬೆಳಿ. ಖಾತೆ ನಿನ್ನೆಸರಿಗೇ ಮಾಡುಸ್ಬುಡ್ತೀನಿ" ಎಂದೆ. ಗೊಡ್ಡು ಹಸು ಹಾಲು ಕರೆದಾಗ ನೋಡೋಣ ಎನ್ನುವಂತೆ ಆಡಿದ ಮಾತು.

ಬೆಳೆದೇಬಿಟ್ಟಳು!

ಗೋವಿಂದಯ್ಯನವರು ಈಗ ವಿವರಿಸಿದರು. ಹುರುಳಿಯ ಗಂಟು ರೋಗವಲ್ಲವಂತೆ. ಉಗುರಿನಿಂದ ಕೆರೆದರೆ ಉದುರುತ್ತದೆ, ಒಳಗೆ ಕೆಂಪು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯಂತೆ. ಗಿಡ ಅವಕ್ಕೆ ಎಲೆಯಿಂದ ಸಿಹಿ ಇಳಿಸುತ್ತದೆ, ಅವು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಸೊಪ್ಪೂ ಬೇರೂ ಕೊಳೆತರೆ ಆ ಸಾರ ಮಣ್ಣಿಗೆ, ಮಣ್ಣಿನಿಂದ ರಾಗಿಗೆ. ಸ್ವಾಮಿ, ಇದನ್ನು ಹೋದ ವರ್ಷವೇ ಹೇಳಲು ನಿಮಗೇನಾಗಿತ್ತು? ಹೇಳಿದ್ದರೆ ಆ ಹುರುಳಿ ಸೊಪ್ಪನ್ನು ನನ್ನ ಹೊಲಕ್ಕೆ ಹೊರಿಸುತ್ತಿರಲಿಲ್ಲವೇ? ನ್ಯಾಯವಾಗಿ ಈ ಸನ್ಮಾನ ನನಗಾಗಬೇಕು. ಕೊಯ್ಸಿದವನು ನಾನು! ನಗಬೇಡಿ.

ಬೇರಿಗೂ ಆ ಹುಳಕ್ಕೂ ಯಾವ ನೆಂಟಸ್ತಿಕೆ? ಆದರೂ ಹಂಚಿಕೊಂಡು ಉಣ್ಣುತ್ತವೆ. ನಾನೂ ತಮ್ಮನೂ ಒಂದೇ ತಾಯಿಯ ಹಾಲು ಕುಡಿದವರು. ಒಂದೇ ಒಲೆಯ ಹಿಟ್ಟು ಉಣ್ಣಲಾಗಲಿಲ್ಲ. ಕೊನೆಯ ಜ್ವರದಲ್ಲಿ ಮಲಗಿ ನನಗೆ ಹೇಳಿಕಳಿಸಿದ್ದ. ಹೊಗೆಸೊಪ್ಪು ಬೇಯಿಸುವ ಕಾಲ, ಬ್ಯಾರನ್ ಮನೆಯ ಬೆಂಕಿ ಬಿಟ್ಟು ಹೋಗಲಾಗುತ್ತದೆಯೇ? ನೀವೇ ಹೇಳಿ, ಆಗುತ್ತದೆಯೇ? ಹೋಗಲಿ, ಅದು ಇಲ್ಲಿ ಬೇಡ.

ಪುಟ್ಟಮಲ್ಲಮ್ಮ, ಅಲ್ಲಿ ತಲೆ ಬಗ್ಗಿಸಿ ಕೂತಿದ್ದೀಯೆ. ಸುಗ್ಗಿಯಾದಂದಿನಿಂದ ಖಾತೆಯ ಮಾತೇ ಎತ್ತಲಿಲ್ಲ. ಕೇಳಿದ್ದರೆ ಇಲ್ಲವೆಂದು ಜಗಳವಾದರೂ ಆಡುತ್ತಿದ್ದೆ. ನೀನು ಕೇಳಲಿಲ್ಲ. ಅದಕ್ಕೇ ನನಗೆ ಈ ಕೋಪ.

ಸೋಮವಾರ ಪಿರಿಯಾಪಟ್ಟಣದ ಕಚೇರಿಗೆ ಮಗಳನ್ನೂ ಕರೆದುಕೊಂಡು ಬಾ. ಹೊಲ ನಿನ್ನ ಹೆಸರಿಗೆ ಮಾಡಿಸುತ್ತೇನೆ.

ಚಪ್ಪಾಳೆ ತಟ್ಟಬೇಡಿ! ಹೋಗುತ್ತಿರುವುದು ನನ್ನ ಹೊಲ, ನಿಮ್ಮದಲ್ಲ. ಇಷ್ಟು ಹೊತ್ತು ಬೈಸಿಕೊಂಡು ಕೂತ ನಿಮಗೆಲ್ಲ ವಂದನೆ. ಅಧ್ಯಕ್ಷರೇ, ಶಾಲು ನೀವೇ ಹೊದಿಸಿ. ನಾನು ಮನೆಗೆ ಹೋಗಿ ಖಾತೆಯ ಕಾಗದ ಹುಡುಕಬೇಕು. ನಮಸ್ಕಾರ.